ಹತ್ತನೇ ತರಗತಿ ಮಕ್ಕಳಿಂದ ಕಾಲೇಜು ಬ್ರೋಷರ್ ಮಾಡಿಸಿದವರು ಇದ್ದೀರಾ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ತುಮಕೂರು ಜಿಲ್ಲೆ

ನಮ್ಮದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಗೆಳತಿ ಎಲ್ಲಿ ಸೇರಿದಳೋ ಅಲ್ಲೇ ನಮ್ಮ ಮಕ್ಕಳೂ ಸೇರುತ್ತಾರೆ. ಈ ಸಲ ಅವರೇ ಸುತ್ತಮುತ್ತಲ ಕಾಲೇಜುಗಳ ಮಾಹಿತಿ ಹುಡುಕಿ, ಒಂದೊಂದು ಗುಂಪು ಒಂದೊಂದು ಬ್ರೋಷರ್ ಮಾಡಲಿ ಅಂತ ಆಸೆ. ಇರುವುದು ಒಂದೇ ಕಂಪ್ಯೂಟರ್, ಕಪ್ಪು ಬಿಳುಪು ಪ್ರಿಂಟರ್. ಎಲ್ಲಿಂದ ಶುರು ಮಾಡಲಿ? ಮಾಡಿಸಿದವರು ಹೇಳಿ.

ಸಮಾಜ ವಿಜ್ಞಾನ ಶಿಕ್ಷಕ, ಹಾಸನ ಜಿಲ್ಲೆ

ಮೇಡಂ, ಖಂಡಿತ ಮಾಡಿಸಿ. ಆದರೆ ಕಾಲೇಜಿನಿಂದ ಶುರು ಮಾಡಬೇಡಿ, ಮಕ್ಕಳ ಮನೆಯಿಂದ ಶುರು ಮಾಡಿ. "ಈ ಕಾಲೇಜಿನ ಬಗ್ಗೆ ಮಾಹಿತಿ ತನ್ನಿ" ಅಂತ ಸುಮ್ನೆ ಕಳಿಸಿದರೆ "ಸುಸಜ್ಜಿತ ಪ್ರಯೋಗಾಲಯ, ನುರಿತ ಉಪನ್ಯಾಸಕರು" ಅಂತ ಕಾಲೇಜಿನ ಜಾಹೀರಾತನ್ನೇ ನಕಲು ಮಾಡಿ ತರುತ್ತಾರೆ. ಅದರಿಂದ ಯಾರಿಗೂ ಉಪಯೋಗವಿಲ್ಲ.

ನಾನು ಮೊದಲು ಒಂದು ಮನೆಗೆಲಸ ಕೊಡುತ್ತೇನೆ. ನನ್ನನ್ನು ಕಾಲೇಜಿಗೆ ಕಳಿಸುವ ಮುಂಚೆ ನಿಮಗೆ ಏನೇನು ಗೊತ್ತಾಗಬೇಕು ಅಂತ ಅಪ್ಪ, ಅಮ್ಮ, ಅಜ್ಜಿ, ಎಲ್ಲರನ್ನೂ ಕೇಳಿ ಬರೆದುಕೊಂಡು ಬರಬೇಕು. ಬರುವ ಪ್ರಶ್ನೆಗಳು ಎಷ್ಟು ನೇರವಾಗಿರುತ್ತವೆ ನೋಡಿ. ಸಂಜೆ ಕೊನೆ ಬಸ್ಸು ಎಷ್ಟು ಗಂಟೆಗೆ? ಫೀಸು ಒಂದೇ ಸಲ ಕಟ್ಟಬೇಕಾ, ಕಂತಿನಲ್ಲಿ ಆಗುತ್ತಾ? ಹುಡುಗಿಯರ ಹಾಸ್ಟೆಲ್ ಕಾಲೇಜಿನಿಂದ ಎಷ್ಟು ದೂರ? ಇಲ್ಲಿವರೆಗೆ ಕನ್ನಡದಲ್ಲೇ ಓದಿದ ಮಗು ಇಂಗ್ಲಿಷಿನಲ್ಲಿ ವಿಜ್ಞಾನ ಹೇಗೆ ಓದುತ್ತೆ, ಅಲ್ಲಿ ಯಾರಾದರೂ ಸಹಾಯ ಮಾಡುತ್ತಾರಾ? ಇವೇ ಬ್ರೋಷರಿನ ತಲೆಬರಹಗಳು. ಬೇರೆ ತಲೆಬರಹ ಹುಡುಕಲು ಹೋಗಬೇಡಿ.

ಇನ್ನೊಂದು, ಪಿಯುಸಿ ಒಂದಕ್ಕೇ ನಿಲ್ಲಬೇಡಿ. ಒಂದು ಗುಂಪಿಗೆ ಪಾಲಿಟೆಕ್ನಿಕ್, ಒಂದಕ್ಕೆ ಐಟಿಐ, ಇನ್ನೊಂದಕ್ಕೆ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಕೊಡಿ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಎಸ್‌ಎಸ್‌ಎಲ್‌ಸಿ ಆದವರಿಗೆ ಕನ್ನಡ ಮಾಧ್ಯಮದಲ್ಲೇ 2 ವರ್ಷದ ಕೃಷಿ ಡಿಪ್ಲೊಮಾ ಇದೆ. ಹೊಲ ಇರುವ ಮನೆಗಳಲ್ಲೇ ಇದು ಗೊತ್ತಿರುವುದಿಲ್ಲ. ಯಾವ ಕೋರ್ಸೇ ಇರಲಿ, "ಇದಾದ ಮೇಲೆ ಏನು?" ಅನ್ನುವ ಒಂದು ಭಾಗ ಕಡ್ಡಾಯ ಮಾಡಿ. ಪಾಲಿಟೆಕ್ನಿಕ್ಕಿನ 3 ವರ್ಷದ ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ) ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರಬಹುದು. 2 ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ದಾರಿ ಇದೆ. ಇಂಥ ದಾರಿ ಕಂಡ ಮೇಲೆ, ಐಟಿಐ ಅಂದರೆ ಓದು ಮುಗಿಯಿತು ಅಂತ ಬೇಜಾರಿನಲ್ಲಿದ್ದ ಹುಡುಗರು ತಲೆ ಎತ್ತಿ ಕೂರುತ್ತಾರೆ.

ಸರ್ಕಾರಿ ಪಿಯು ಕಾಲೇಜು ಉಪನ್ಯಾಸಕಿ

ಮೇಷ್ಟ್ರು ಹೇಳಿದ್ದು ಸರಿ. ಕೇಳುವುದು ಹೇಗೆ ಅನ್ನುವುದನ್ನೂ ಕಲಿಸಬೇಕು, ಅದಕ್ಕೆ ನಾನು ಜಾಸ್ತಿ ಒತ್ತು ಕೊಡುತ್ತೇನೆ. ಮಕ್ಕಳು ಕಾಲೇಜಿಗೆ ಬಂದು "ನಿಮ್ಮ ರಿಸಲ್ಟ್ ಎಷ್ಟು ಮಿಸ್?" ಅಂತ ಕೇಳಿ, ಶೇಕಡಾ ಎಷ್ಟು ಅಂತ ಬರೆದುಕೊಂಡು ಹೋಗುತ್ತಾರೆ. ಮೂರು ಪ್ರಶ್ನೆ ಕೇಳಲಿ: ಪ್ರಥಮ ಪಿಯುಸಿಗೆ ಎಷ್ಟು ಜನ ಸೇರಿದ್ದರು, ಅದೇ ಬ್ಯಾಚಿನಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಬರೆದವರು ಎಷ್ಟು, ಪಾಸಾದವರು ಎಷ್ಟು? ಶೇಕಡಾ 100 ಅಂತ ಬ್ಯಾನರ್ ಹಾಕಿದ ಕಡೆ, ಮಧ್ಯದಲ್ಲಿ ಎಷ್ಟು ಮಕ್ಕಳು ಬಿಟ್ಟುಹೋದರು ಅನ್ನುವುದು ಈ ಮೂರು ಸಂಖ್ಯೆ ಪಕ್ಕಪಕ್ಕ ಇಟ್ಟಾಗ ಮಾತ್ರ ಕಾಣುತ್ತದೆ.

ಫೀಸಿನ ವಿಷಯವೂ ಹಾಗೇ. ಒಟ್ಟು ಎಷ್ಟು ಅಂತ ಕೇಳಿದರೆ ಸಾಲದು. ಪ್ರವೇಶ ಶುಲ್ಕ, ಬೋಧನಾ ಶುಲ್ಕ, ನೀಟ್ (ವೈದ್ಯಕೀಯ ಪ್ರವೇಶ ಪರೀಕ್ಷೆ) ಮತ್ತು ಸಿಇಟಿ (ಎಂಜಿನಿಯರಿಂಗ್ ಮುಂತಾದ ಕೋರ್ಸುಗಳ ರಾಜ್ಯ ಪ್ರವೇಶ ಪರೀಕ್ಷೆ) ಕೋಚಿಂಗ್, ಸಮವಸ್ತ್ರ, ವ್ಯಾನು, ಎಲ್ಲ ಬೇರೆ ಬೇರೆ ಬರೆಸಿಕೊಳ್ಳಬೇಕು. ಯಾವ ಕಾಂಬಿನೇಷನ್ (ವಿಷಯಗಳ ಗುಂಪು) ಇದೆ ಅನ್ನುವುದು ಅದಕ್ಕಿಂತ ಮುಖ್ಯ. ಸೈನ್ಸ್ ಇದೆ ಅಂದ ಮಾತ್ರಕ್ಕೆ ಪಿಸಿಎಂಬಿಯೂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆ ಜೀವಶಾಸ್ತ್ರ) ಪಿಸಿಎಂಸಿಯೂ (ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್) ಎರಡೂ ಇರುತ್ತವೆ ಅಂತಲ್ಲ. ಜೀವಶಾಸ್ತ್ರ ತೆಗೆದುಕೊಳ್ಳದವರಿಗೆ ನೀಟ್ ದಾರಿ ಕಷ್ಟ, ಗಣಿತ ಬಿಟ್ಟವರಿಗೆ ಎಂಜಿನಿಯರಿಂಗ್ ಇಲ್ಲ. ಇದು ಹತ್ತನೇ ತರಗತಿಯಲ್ಲೇ ಗೊತ್ತಾಗಬೇಕು ಅಲ್ವಾ?

ಮಕ್ಕಳು ಬರುವಾಗ ಹೆಡ್‌ಮಾಸ್ಟರ್ ಸಹಿ ಇರುವ ಒಂದು ಪತ್ರ ಕೊಟ್ಟು ಕಳಿಸಿ, ಆಗ ಆಫೀಸಿನವರೂ ಕೂರಿಸಿ ಮಾತಾಡುತ್ತಾರೆ. ಪ್ರತಿ ಮಾಹಿತಿಯ ಪಕ್ಕ ಯಾರು ಹೇಳಿದ್ದು, ಯಾವ ತಾರೀಖು ಅಂತ ಬರೆಯಲೇಬೇಕು. ಜಾಲತಾಣದಲ್ಲಿ ನೋಡಿದ್ದಾದರೆ ಅದನ್ನೂ ಬರೆಯಲಿ. ಮೂಲ ಬರೆಯದ ಸಾಲನ್ನು ಬ್ರೋಷರಿಗೆ ಹಾಕಬೇಡಿ.

ನಿಮ್ಮ ಮಕ್ಕಳಿಗೆ ಇನ್ನೊಂದು ಸಾಲು ಸೇರಿಸಿ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇಕಡಾ 15, ಕನ್ನಡ ಮಾಧ್ಯಮಕ್ಕೆ ಶೇಕಡಾ 5 ಇದೆ. ಎರಡಕ್ಕೂ 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲು ರುಜು ಆಗಬೇಕು. ಎರಡು ವರ್ಷ ಆದ ಮೇಲೆ ಸಿಇಟಿ ಹೊತ್ತಿಗೆ ಅಲೆದಾಡುವ ಬದಲು, ಈಗಲೇ ಏನು ಬೇಕು ಅಂತ ಗೊತ್ತಿರಲಿ.

ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ, ದಾವಣಗೆರೆ

ಪ್ರಿಂಟಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಒಂದು ಎ4 ಹಾಳೆ ಅಡ್ಡ ಇಟ್ಟು ಮೂರು ಭಾಗವಾಗಿ ಮಡಚಿದರೆ ಎರಡೂ ಕಡೆ ಸೇರಿ ಆರು ಭಾಗ ಸಿಗುತ್ತವೆ. ಮೊದಲು ಖಾಲಿ ಹಾಳೆ ಮಡಚಿ, ಪೆನ್ಸಿಲಿನಲ್ಲಿ 1ರಿಂದ 6 ಅಂತ ಗುರುತು ಹಾಕಿಸಿ. ಬಿಡಿಸಿ ಹೊರಬದಿ ನೋಡಿದರೆ ಮುಖಪುಟ ಬಲಗಡೆ, ಹಿಂಪುಟ ಮಧ್ಯದಲ್ಲಿ ಬಂದಿರುತ್ತದೆ. ಇದು ಕಣ್ಣಾರೆ ನೋಡದ ಹೊರತು ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಅರ್ಥವಾಗುವುದಿಲ್ಲ. ಒಳಗೆ ಮಡಚಿಕೊಳ್ಳುವ ಭಾಗ ಎರಡು ಮೂರು ಮಿಲಿಮೀಟರ್ ಕಿರಿದಾಗಿರಲಿ, ಇಲ್ಲದಿದ್ದರೆ ಮಡಿಕೆ ಉಬ್ಬುತ್ತದೆ.

ಕಪ್ಪು ಬಿಳುಪಿನಲ್ಲಿ ಕಟ್ಟಡದ ಫೋಟೋ ಮಸಿ ಬಳಿದ ಹಾಗೆ ಬರುತ್ತದೆ. ಅದರ ಬದಲು ಬಸ್ ಸ್ಟ್ಯಾಂಡಿನಿಂದ ಕಾಲೇಜಿಗೆ ಹೋಗುವ ದಾರಿಯ ನಕ್ಷೆಯನ್ನು ಕಪ್ಪು ಪೆನ್ನಿನಲ್ಲಿ ಮಕ್ಕಳೇ ಬರೆಯಲಿ, ಜೆರಾಕ್ಸಿನಲ್ಲೂ ಚೆನ್ನಾಗಿ ಬರುತ್ತದೆ. ಟೈಪ್ ಮಾಡುವುದಾದರೆ ಯೂನಿಕೋಡಿನಲ್ಲೇ ಮಾಡಿಸಿ. ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿ ಮಾಡಿದ್ದನ್ನು ಬೇರೆ ಕಡೆ ತೆಗೆದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಕಂಪ್ಯೂಟರ್ ಸರದಿ ಸಿಗದ ಗುಂಪು ಕೈಬರಹದಲ್ಲೇ ಮಾಡಲಿ. ದುಂಡಗಿನ ಕೈಬರಹ ಎಷ್ಟೋ ಡಿಸೈನಿಗಿಂತ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಅಕ್ಷರ ಮಾತ್ರ ಸಣ್ಣದಾಗದಿರಲಿ, ಓದುವವರು ಅಪ್ಪ ಅಮ್ಮ.

ಒಬ್ಬ ತಾಯಿ, ಕೊಪ್ಪಳ

ಹಾಸ್ಟೆಲ್ ಭಾಗದಲ್ಲಿ ಒಂದು ಮಾತು ಬರೆಸಿ, ಟೀಚರ್. ಕಾಲೇಜಿನ ಹಾಸ್ಟೆಲ್ ಬೇರೆ, ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ ಬೇರೆ. ಎರಡನೆಯದಕ್ಕೆ ನಾವೇ ಬೇರೆಯಾಗಿ ಅರ್ಜಿ ಹಾಕಬೇಕು, ಜಾತಿ ಆದಾಯ ಪ್ರಮಾಣಪತ್ರ ಕೈಯಲ್ಲಿರಬೇಕು. ಕಾಲೇಜಿಗೆ ಸೇರಿಸಿದರೆ ಹಾಸ್ಟೆಲ್ ತಾನಾಗೇ ಸಿಗುತ್ತೆ ಅಂತ ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ.

ಸಮಾಜ ವಿಜ್ಞಾನ ಶಿಕ್ಷಕ, ಹಾಸನ ಜಿಲ್ಲೆ

ಸಮಯದ ಬಗ್ಗೆ ಹೇಳುವುದು ಬಿಟ್ಟುಹೋಗಿತ್ತು. ದಸರಾ ರಜೆ ಮುಗಿದ ಕೂಡಲೇ ಶುರು ಮಾಡಿ, ಡಿಸೆಂಬರಿನೊಳಗೆ ಮುಗಿಸಿ. ಆಮೇಲೆ ಪೂರ್ವಸಿದ್ಧತಾ ಪರೀಕ್ಷೆ ಬರುತ್ತದೆ, ಮಕ್ಕಳನ್ನು ಎಳೆದಾಡಬಾರದು. ಫೀಸು ಮತ್ತು ಅರ್ಜಿಯ ಕೊನೆ ದಿನಾಂಕದ ಜಾಗ ಖಾಲಿ ಬಿಡಿ. ರಿಸಲ್ಟ್ ಬಂದ ವಾರ ಅವರೇ ಫೋನ್ ಮಾಡಿ, ಕೇಳಿ, ಪೆನ್ನಿನಲ್ಲಿ ತುಂಬಿಸಿ, ಅವತ್ತಿನ ತಾರೀಖು ಹಾಕಲಿ.