ಸಮಸ್ಯಾಪೂರಣ: ಏರುತ್ತೇರುತ್ತೆ ಕೆಳಗೆ…

ಪೃಚ್ಛಕ (ಸಮಸ್ಯೆ ಕೊಡುವವರು): ಗೆಳೆಯರೇ, ಈ ಸಲದ ವಸ್ತು ಅಹಂಕಾರ. ನಾಲ್ಕು ಪಾದಗಳ ಕಂದಪದ್ಯದ ಕೊನೆಯ ಪಾದ ಕೊಟ್ಟಿದ್ದೇನೆ, ಉಳಿದ ಮೂರನ್ನು ನೀವು ತುಂಬಬೇಕು:

*ಏರುತ್ತೇರುತ್ತೆ ಕೆಳಗೆ ತಲುಪಿದನಲ್ಲಾ*

ದೀರ್ಘದ ಮೇಲೆ ರಕಾರ, ಅದೇ ಆದಿಪ್ರಾಸ; ಅಂದರೆ ಪ್ರತಿ ಪಾದದ ಎರಡನೆಯ ಅಕ್ಷರ. ಪುರಾಣವಾಗಲಿ, ಇಂದಿನ ಬದುಕಾಗಲಿ, ಕಥೆ ನಿಮ್ಮದು. ಒಂದೇ ಒಂದು ಕೋರಿಕೆ: ಮೊದಲು ಏರಿದ, ಆಮೇಲೆ ಬಿದ್ದ ಎಂದು ಎರಡು ಕಂತು ಮಾಡಬೇಡಿ. ಏರುವುದರೊಳಗೇ ಇಳಿತ ಕಾಣಬೇಕು. ಸಮಸ್ಯೆಯ ಗಂಟು ಇರುವುದೇ ಅಲ್ಲಿ.

ಪೂರಣ 1

*ಭೂರಮಣಂ ನಹುಷಂ ಸುರ-*
*ರೂರೊಳ್ ಮೆರೆಯುತೆ ಮುನೀಂದ್ರಶಿರದೊಳ್ ಕಾಲಂ*
*ಬೀರಿ ಭುಜಗನಾದನೊ ಹಾ!*
*ಏರುತ್ತೇರುತ್ತೆ ಕೆಳಗೆ ತಲುಪಿದನಲ್ಲಾ*

ವೃತ್ರನನ್ನು ಕೊಂದ ಪಾಪಕ್ಕೆ ಅಂಜಿ ಇಂದ್ರ ತಾವರೆಯ ದಂಟಿನಲ್ಲಿ ಅಡಗಿದ್ದಾಗ, ದೇವತೆಗಳೂ ಋಷಿಗಳೂ ತಾವಾಗಿಯೇ ನಹುಷನನ್ನು ಕರೆದು ಪಟ್ಟಕಟ್ಟಿದರು. ಯೋಗ್ಯತೆ ಇತ್ತು, ಅದಕ್ಕೇ ಕರೆದರು. ಪಟ್ಟ ಸಿಕ್ಕಮೇಲೆ ಇಂದ್ರನ ಹೆಂಡತಿ ಶಚಿಯೂ ಬೇಕೆನಿಸಿತು. ಋಷಿಗಳೇ ಪಲ್ಲಕ್ಕಿ ಹೊರಬೇಕಾಯಿತು. ಅಗಸ್ತ್ಯರ ತಲೆಗೆ ಕಾಲು ತಾಗಿಸಿದಾಗಲೂ ಅವನಿದ್ದದ್ದು ಆ ಪಲ್ಲಕ್ಕಿಯ ಮೇಲೆಯೇ.

ಪೃಚ್ಛಕ: ತುಂಬ ಚೆನ್ನಾಗಿದೆ ಮೇಡಂ. ಪಲ್ಲಕ್ಕಿಯ ಮಾತನ್ನು ಪದ್ಯದೊಳಗೇ ತಂದಿದ್ದರೆ ಇನ್ನೂ ಗಟ್ಟಿಯಾಗುತ್ತಿತ್ತು. ಅಗಸ್ತ್ಯರ ಶಾಪದಿಂದ ಹೆಬ್ಬಾವಾಗಿ ಬಿದ್ದಿದ್ದ ಇದೇ ನಹುಷ ಮಹಾಭಾರತದ ವನಪರ್ವದಲ್ಲಿ ಭೀಮನನ್ನು ಸುತ್ತಿ ಹಿಡಿಯುತ್ತಾನೆ. ತೋಳ್ಬಲದ ಹೆಮ್ಮೆಯಿದ್ದ ಭೀಮ ಅಲ್ಲಿ ಅಲುಗಾಡಲಾರ. ಧರ್ಮರಾಯ ಬಂದು ಪ್ರಶ್ನೆಗಳಿಗೆ ಉತ್ತರ ಕೊಟ್ಟಮೇಲೆ ಭೀಮನಿಗೂ ಬಿಡುಗಡೆ, ಹಾವಿಗೂ ಬಿಡುಗಡೆ. ಅದನ್ನೂ ಯಾರಾದರೂ ಬರೆಯಬೇಕು.

ಪೂರಣ 2

*ಹಾರಲ್ ಮೇಣದ ಗರಿಯಿಂ*
*ಮೀರಿ ಪಿತನ ಮಾತನುರ್ಕಿನಿಂ ರವಿಯೆಡೆಗಂ*
*ಜಾರಲ್ ಕರಗುತೆ ಗರಿಯವ-*
*ನೇರುತ್ತೇರುತ್ತೆ ಕೆಳಗೆ ತಲುಪಿದನಲ್ಲಾ*

ಇದು ಗ್ರೀಕರ ಇಕಾರಸ್. ಅಪ್ಪ ಡೀಡಲಸ್ ಹೇಳಿದ್ದು ನಡುದಾರಿ: ತೀರ ಕೆಳಗಾದರೆ ಕಡಲಿನ ತೇವಕ್ಕೆ ಗರಿ ಭಾರವಾಗುತ್ತದೆ, ತೀರ ಮೇಲಾದರೆ ಬಿಸಿಲಿಗೆ ಮೇಣ ಕರಗುತ್ತದೆ. ರೋಮನ್ ಕವಿ ಓವಿಡ್ ಹೇಳುವ ಕಥೆಯಲ್ಲಿ ಒಂದು ಗಳಿಗೆ ಇದೆ: ಗರಿಗಳೆಲ್ಲ ಹೋದಮೇಲೂ ಹುಡುಗ ಬರಿಗೈಯನ್ನೇ ಬಡಿಯುತ್ತಾನೆ, ಗಾಳಿ ಹಿಡಿಯುವುದಿಲ್ಲ. ಓದಿದಾಗಲೆಲ್ಲ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ.

ಪೃಚ್ಛಕ: ‘ಉರ್ಕು’ (ಸೊಕ್ಕು) ಸರಿಯಾದ ಕಡೆ ಕೂತಿದೆ. ಆದರೆ ಇಕಾರಸ್‌ನದು ಎಳೆತನದ ಹುಮ್ಮಸ್ಸು. ನಹುಷನ ಜೊತೆ ಅವನನ್ನು ಒಂದೇ ಕಟೆಕಟೆಯಲ್ಲಿ ನಿಲ್ಲಿಸಲು ನನಗೆ ಮನಸ್ಸಿಲ್ಲ.

ಪೂರಣ 3

*ಯಾರೊರೆದರು ಕೇಳದೆ ನಾಂ*
*ಬೇರೆಯೆನುತ್ತೊಬ್ಬನಾಗಿ ಪದವಿಯೊಳಿರ್ದಂ*
*ದೂರಾದರ್ ತನ್ನವರುಂ*
*ಏರುತ್ತೇರುತ್ತೆ ಕೆಳಗೆ ತಲುಪಿದನಲ್ಲಾ*

ಅಮೆರಿಕದ ಥೆರಾನೋಸ್ ಕಂಪನಿಯ ಕಥೆ ಓದುವಾಗ ಹೊಳೆದದ್ದು. 2003ರಲ್ಲಿ ಶುರುವಾದ ಕಂಪನಿ. ಬೆರಳ ತುದಿಯ ಕೆಲವೇ ಹನಿ ರಕ್ತದಲ್ಲಿ ಹತ್ತಾರು ಪರೀಕ್ಷೆ ಮಾಡುತ್ತೇವೆ ಎಂದರು. 2014ರ ಹೊತ್ತಿಗೆ ಅದರ ಮೌಲ್ಯ ಸುಮಾರು 900 ಕೋಟಿ ಡಾಲರ್. ಫಲಿತಾಂಶ ಸರಿಯಿಲ್ಲ ಎಂದು ಒಳಗಿನವರೇ ಹೇಳಿದರೂ ಕೇಳುವ ಕಿವಿ ಇರಲಿಲ್ಲ. 2018ರಲ್ಲಿ ಬಾಗಿಲು ಮುಚ್ಚಿತು. ಹೂಡಿಕೆದಾರರಿಗೆ ಮಾಡಿದ ವಂಚನೆ 2022ರಲ್ಲಿ ನ್ಯಾಯಾಲಯದಲ್ಲಿ ಸಾಬೀತಾಯಿತು.

ಪ್ರತಿಕ್ರಿಯೆ: ಸರ್, ಭಾವ ತುಂಬ ಹಿಡಿಸಿತು. ‘ತನ್ನವರುಂ’ ಆದಮೇಲೆ ‘ಏರುತ್ತೇ’ ಬಂದು ವಿಸಂಧಿ ಉಳಿದಿದೆ, ಅಂದರೆ ಎರಡು ಪದ ಸಂಧಿಯಾಗದೆ ನಿಂತಿವೆ. ‘ದೂರಾದರ್ ತನ್ನವರವ-/ನೇರುತ್ತೇರುತ್ತೆ’ ಮಾಡಿದರೆ ಸಂಧಿಯೂ ಆಗುತ್ತದೆ, ಮಾತ್ರೆಯ ಲೆಕ್ಕವೂ ಕೆಡುವುದಿಲ್ಲ, ಕೊನೆಯ ಪಾದಕ್ಕೆ ಕರ್ತೃವೂ ಸಿಗುತ್ತಾನೆ.

ಪೃಚ್ಛಕ: ತಿದ್ದುಪಡಿ ಒಪ್ಪಿಗೆ. ಕೋರಿದ್ದಕ್ಕೆ ತೀರ ಹತ್ತಿರ ಬಂದಿರುವುದು ಈ ಪೂರಣ. ಮೌಲ್ಯ ಏರುತ್ತಿದ್ದ ದಿನಗಳಲ್ಲೇ ಯಂತ್ರ ಸೋಲುತ್ತಿತ್ತು. ನಿಜ ಹೇಳುವವರು ಒಬ್ಬೊಬ್ಬರಾಗಿ ದೂರವಾಗುವುದು ಹೊರಗಿನವರಿಗೆ ಕಾಣುವುದಿಲ್ಲ. ಇದನ್ನು ಕಚೇರಿಗಳಲ್ಲಿ ನೋಡಿದ್ದೇವೆ, ಮನೆಗಳಲ್ಲೂ ನೋಡಿದ್ದೇವೆ.

ಪೂರಣ 4

*ಮೂರಡಿ ಬೇಡಲ್ ವಟು ತಾಂ*
*ಮೀರದೆ ನುಡಿಯಂ ಬಲೀಂದ್ರನೊಡ್ಡಲ್ ಶಿರಮಂ*
*ಊರಿದನಡಿ ಹರಿ, ಕೀರ್ತಿಯೊ-*
*ಳೇರುತ್ತೇರುತ್ತೆ ಕೆಳಗೆ ತಲುಪಿದನಲ್ಲಾ*

ಪೃಚ್ಛಕ: ಆಹಾ! ‘ಕೀರ್ತಿಯೊಳ್’ ಎಂಬ ಒಂದು ಕೀಲಕದಿಂದ, ಅಂದರೆ ಅರ್ಥ ತಿರುಗಿಸುವ ಪದದಿಂದ, ಇಡೀ ಸಮಸ್ಯೆ ತಿರುಗಿ ನಿಂತಿತು. ಮೂರು ಲೋಕ ಗೆದ್ದ ಹೆಮ್ಮೆ ಬಲಿಗೂ ಇತ್ತು. ಬೇಡ ಎಂದು ಶುಕ್ರಾಚಾರ್ಯರು ತಡೆದರು, ವಟುವಾಗಿ ಬಂದ ವಾಮನನ ಎರಡು ಹೆಜ್ಜೆಗೆ ಎಲ್ಲವೂ ಹೋಯಿತು. ಉಳಿದಿದ್ದ ತಲೆಯನ್ನು ತಾನೇ ಮುಂದೊಡ್ಡಿದ. ಸುತಲವೆಂಬ ಕೆಳಲೋಕಕ್ಕೆ ಇಳಿದವನ ಬಾಗಿಲನ್ನು ವಿಷ್ಣುವೇ ಕಾಯುತ್ತಾನೆ ಎನ್ನುತ್ತದೆ ಭಾಗವತ. ನಹುಷನ ಕಾಲು ಇನ್ನೊಬ್ಬರ ತಲೆಯ ಮೇಲೆ ಹೋಯಿತು, ಬಲಿ ತನ್ನ ತಲೆಯನ್ನು ಇನ್ನೊಬ್ಬರ ಕಾಲಿಗೆ ಕೊಟ್ಟ. ಈ ಎರಡು ಪದ್ಯಗಳನ್ನು ಅಕ್ಕಪಕ್ಕ ಇಟ್ಟು ಓದಿ.

ಕೈಲಾಸವನ್ನೇ ಎತ್ತಲು ಹೋಗಿ, ಶಿವನ ಹೆಬ್ಬೆರಳ ಒತ್ತಿಗೆ ಅದರಡಿ ಸಿಕ್ಕಿಕೊಂಡ ರಾವಣನನ್ನು ಇನ್ನೂ ಯಾರೂ ಮುಟ್ಟಿಲ್ಲ. ‘ಭಾರ’, ‘ಬೇರು’, ‘ಚೀರು’ ಎಲ್ಲ ಪ್ರಾಸಕ್ಕೆ ಒದಗುತ್ತವೆ. ಬರೆಯಿರಿ, ಕಾಯುತ್ತೇನೆ.