ಅಣ್ಣನಿಗೆ ಎಚ್‌ಸಿಎಂ, ನನ್ನ ಜೀನ್ ರಿಪೋರ್ಟಿನಲ್ಲೂ ಏನೋ ಇದೆ, ಈಗೇನು ಮಾಡಲಿ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಣ್ಣ (36) ವಾಲಿಬಾಲ್ ಆಡುತ್ತಾ ಎಚ್ಚರ ತಪ್ಪಿ ಬಿದ್ದ. ಎಕೋ ಮಾಡಿದರೆ ಹೃದಯದ ನಡುಗೋಡೆ 21 ಮಿ.ಮೀ. ದಪ್ಪ, ಎಚ್‌ಸಿಎಂ (ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ) ಅಂದರು. ವಂಶದಲ್ಲಿ ಬರುವ ಕಾಯಿಲೆ, ಮನೆಯವರೆಲ್ಲ ತೋರಿಸಿಕೊಳ್ಳಿ ಅಂತಲೂ ಹೇಳಿದರು. ನನ್ನ ಎಕೋ ನಾರ್ಮಲ್. ಆದರೂ ಭಯಕ್ಕೆ ಆನ್‌ಲೈನ್‌ನಲ್ಲಿ ಜೀನ್ ಟೆಸ್ಟ್ ಮಾಡಿಸಿದೆ. ಹೃದಯ ಸ್ನಾಯುವಿಗೆ ಸಂಬಂಧಿಸಿದ ಎಂವೈಬಿಪಿಸಿ3 ಅನ್ನೋ ಜೀನಿನಲ್ಲಿ ಡಿಎನ್‌ಎಯ 25 ಅಕ್ಷರ ಬಿಟ್ಟುಹೋಗಿವೆ ಅಂತ ಬಂದಿದೆ. ನಿದ್ದೆನೇ ಬರ್ತಿಲ್ಲ. ಅಪ್ಪ ಅಮ್ಮಂದು ಸೋದರಿಕೆ ಮದುವೆ, ಅದರಿಂದ ಹೀಗಾಯ್ತಾ?

ಉತ್ತರ: ಮೊದಲು ಆ ರಿಪೋರ್ಟ್ ಪಕ್ಕಕ್ಕಿಡಿ. ಈ 25 ಅಕ್ಷರದ ಕೊರತೆ ನಮ್ಮ ಕಡೆ ತುಂಬಾ ಮಾಮೂಲಿ. ಭಾರತದಲ್ಲಿ 100 ಜನರಲ್ಲಿ ಸುಮಾರು 4 ಜನಕ್ಕೆ ಇದೆ, ಅಂದರೆ ತುಂಬಿದ ಒಂದು ಬಸ್ಸಿನಲ್ಲಿ ಇಬ್ಬರಾದರೂ ಸಿಗಬಹುದು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿ ತಂಗರಾಜ್ ಮತ್ತು ಸಂಗಡಿಗರು 2009ರಲ್ಲಿ ಇದಕ್ಕೂ ಹೃದಯ ಸೋಲುವುದಕ್ಕೂ ನಂಟಿದೆ ಅಂತ ತೋರಿಸಿದಾಗ ದೊಡ್ಡ ಸುದ್ದಿಯಾಗಿತ್ತು. ಆದರೆ 2020ರಲ್ಲಿ ಬಂದ ಅಧ್ಯಯನ ಬೇರೆ ಮಾತು ಹೇಳಿತು. ಈ ಕೊರತೆ ಇರುವ ಕೆಲವರಲ್ಲಿ ಅದೇ ಜೀನಿನ ಇನ್ನೊಂದು ಜಾಗದಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ, ಎರಡೂ ಜೊತೆಯಾಗಿಯೇ ಮಕ್ಕಳಿಗೆ ಹೋಗುತ್ತವೆ, ಎಚ್‌ಸಿಎಂ ಅಪಾಯ ಹೆಚ್ಚಿಸುವುದು ಮುಖ್ಯವಾಗಿ ಆ ಒಂದಕ್ಷರ. ಬರೀ ಆ 25 ಅಕ್ಷರ ಮಾತ್ರ ಬಿಟ್ಟುಹೋಗಿದ್ದರೆ ಅಪಾಯ ಅಷ್ಟೇನಿಲ್ಲ. ಅಗ್ಗದ ಟೆಸ್ಟುಗಳು ಇದನ್ನೆಲ್ಲ ಹೇಳದೆ ಸುಮ್ನೆ ಕೆಂಪು ಬಣ್ಣದಲ್ಲಿ ಬರೆದು ಕಳಿಸುತ್ತವೆ, ನನಗೆ ಸಿಟ್ಟು ಬರುವುದೇ ಅದಕ್ಕೆ.

ಅಸಲಿಗೆ ಟೆಸ್ಟ್ ಶುರುವಾಗಬೇಕಿದ್ದುದು ನಿಮ್ಮಿಂದಲ್ಲ, ಅಣ್ಣನಿಂದ. ಅವರ ರಕ್ತದಲ್ಲಿ ಎಂವೈಎಚ್7, ಎಂವೈಬಿಪಿಸಿ3 ಸೇರಿ ಎಲ್ಲ ಮುಖ್ಯ ಜೀನುಗಳನ್ನೂ ನೋಡಬೇಕು. ಕಾರಣ ಸಿಕ್ಕರೆ ಮನೆಯವರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ನಿಮ್ಮಲ್ಲಿರುವುದು ಅಣ್ಣನಲ್ಲಿ ಇಲ್ಲವೇ ಇಲ್ಲ ಅಂದರೆ ಅವರ ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲ. ಎಷ್ಟೋ ಜನರಲ್ಲಿ ಕಾರಣ ಸಿಗುವುದೇ ಇಲ್ಲ, ಆಗ ಎಲ್ಲರಿಗೂ ಇಸಿಜಿ, ಎಕೋ ಮಾಡುತ್ತಾ ಇರಬೇಕು.

ಸೋದರಿಕೆ ವಿಷಯ. ಎಚ್‌ಸಿಎಂಗೆ ಸಾಮಾನ್ಯವಾಗಿ ಅಪ್ಪ ಅಥವಾ ಅಮ್ಮ, ಒಬ್ಬರಿಂದ ಬಂದರೂ ಸಾಕು. ಗಂಡಾಗಲಿ ಹೆಣ್ಣಾಗಲಿ, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ಹೊರಗಿನ ಸಂಬಂಧ ತಂದರೂ ತಪ್ಪುತ್ತಿರಲಿಲ್ಲ. ಸೋದರಿಕೆಯಲ್ಲಿ ಭಯ ಇರುವುದು ಇಬ್ಬರಿಂದಲೂ ಜೀನಿನ ಕೆಟ್ಟ ಪ್ರತಿ ಬಂದಾಗ. ಅಂಥ ಮಕ್ಕಳಲ್ಲಿ ಕಾಯಿಲೆ ಬೇಗ, ಜೋರಾಗಿ ಕಾಣಿಸಿಕೊಳ್ಳಬಹುದು.

ಪ್ರಶ್ನೆ: ಹಾಗಾದರೆ ನನ್ನ ಎಕೋ ನಾರ್ಮಲ್ ಅಂದ್ರೆ ನಾನು ಪಾರು, ಅಲ್ವಾ?

ಉತ್ತರ: ಇವತ್ತಿಗೆ ಪಾರು. ಈ ಜೀನಿನ ತೊಂದರೆ 40, 50 ದಾಟಿದ ಮೇಲೂ ಕಾಣಿಸಿಕೊಳ್ಳುತ್ತದೆ. ಅಣ್ಣನಲ್ಲಿ ಕಾರಣ ಸಿಕ್ಕಿ, ಅದು ನಿಮ್ಮಲ್ಲಿಲ್ಲ ಅಂತ ಗೊತ್ತಾಗುವವರೆಗೆ ನೀವು 3ರಿಂದ 5 ವರ್ಷಕ್ಕೊಮ್ಮೆ ನೋಡಿಸಿಕೊಳ್ಳಿ. ಮಕ್ಕಳಿಗೆ ಎಷ್ಟು ಬೇಗ ಅನ್ನುವುದು ನಿಮ್ಮ ಫಲಿತಾಂಶದ ಮೇಲೆ ನಿಂತಿದೆ. ಓಡುವಾಗ ಎದೆನೋವು, ಎಚ್ಚರ ತಪ್ಪುವುದು ಆದರೆ ಮಾತ್ರ ಯಾವುದಕ್ಕೂ ಕಾಯಬೇಡಿ.

ಇನ್ನೊಬ್ಬರು: ನನ್ನ ತಂಗಿಗೆ ಹೆರಿಗೆಯಾದ ಮೇಲೆ ಹೃದಯ ದೊಡ್ಡದಾಗಿದೆ ಅಂದರು. ಇದೂ ಅದೇನಾ?

ಉತ್ತರ: ಅಲ್ಲ, ಅಲ್ಲಿ ಸ್ನಾಯು ದಪ್ಪವಾಗುವುದಿಲ್ಲ, ಹಿಗ್ಗಿ ಸೋಲುತ್ತದೆ. ಕೆಲವರಲ್ಲಿ ಟೈಟಿನ್ ಅನ್ನುವ ಜೀನು ಕಾರಣ. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ ಅಂತ ಕೇಳಿ, ಬೇರೆ ಪೋಸ್ಟ್ ಹಾಕಿ.

ಪ್ರಶ್ನೆ: ಅಣ್ಣ ಒಪ್ಪಿದ್ದಾನೆ ಡಾಕ್ಟ್ರೇ. ಖಾಲಿ ಹೊಟ್ಟೇಲಿ ಹೋಗಬೇಕಾ?

ಉತ್ತರ: ಬೇಡ, ತಿಂಡಿ ತಿಂದೇ ಹೋಗಲಿ. ಜೀನ್ ಟೆಸ್ಟಿಗೆ ಸ್ವಲ್ಪ ರಕ್ತ ಸಾಕು. ಎಕೋ ರಿಪೋರ್ಟ್ ಜೊತೆಗಿರಲಿ.