ಹಲ್ಮಿಡಿ ಕಲ್ಲಲ್ಲಿ 450 ಎಲ್ಲಿದೆ?

(ಗುಂಪು: ಗಂಗೋತ್ರಿ ಇತಿಹಾಸ ಬಳಗ, ಮೈಸೂರು)

ಶಿವಣ್ಣ: (ಫಾರ್ವರ್ಡ್) "ಕ್ರಿ.ಶ. 450 ಎಂದು ಕೆತ್ತಿರುವ ಹಲ್ಮಿಡಿ ಶಾಸನ! 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಪತ್ತೆ ಹಚ್ಚಿದ್ದು. ಎಲ್ಲಾ ಕನ್ನಡಿಗರಿಗೂ ತಲುಪಿಸಿ."

ಮಂಜುಳಾ: ಶಿವಣ್ಣ, ಆ ಕಲ್ಲಲ್ಲಿ ಶಕವರ್ಷವೇ ಇಲ್ಲ! ಇರೋದು 16 ಸಾಲು. ಮೊದಲ ಸಾಲು ಸಂಸ್ಕೃತದಲ್ಲಿ ಅಚ್ಯುತನ ಸ್ತುತಿ, ಆಮೇಲೆ ಕನ್ನಡ. ಯುದ್ಧದಲ್ಲಿ ಗೆದ್ದವನಿಗೆ ಊರು ದತ್ತಿ ಬಿಟ್ಟ ವಿಷಯ. 450 ಅನ್ನೋದು ಲಿಪಿ ಮತ್ತು ಅದರಲ್ಲಿ ಬರೋ ರಾಜ ಕಾಕುಸ್ಥನ ಹೆಸರು ನೋಡಿ ಕಟ್ಟಿದ ಅಂದಾಜು.

ಶಿವಣ್ಣ: ಶಾಲೆ ಪುಸ್ತಕದಲ್ಲೇ 450 ಅಂತಿದೆ ಕಣಮ್ಮ. ಕೃಷ್ಣ ಅವರು ಸುಮ್ನೆ ಹೇಳ್ತಾರಾ? ಮಹಾರಾಜ ಕಾಲೇಜಲ್ಲಿ ಪ್ರೊಫೆಸರು, ಜೊತೆಗೆ ಮೈಸೂರು ಪುರಾತತ್ವ ಇಲಾಖೆ ನಿರ್ದೇಶಕರಾಗಿದ್ದವರು.

ಪುಟ್ಟಸ್ವಾಮಿ ಸರ್: ಅವರ ಮೇಲಿನ ಗೌರವಕ್ಕೇ ಹೇಳ್ತೀನಿ. 1936ರ ಇಲಾಖಾ ವರದಿ ತೆಗೆದು ನೋಡಿ. ಶಾಸನದ ಪಾಠ, ಅನುವಾದ, ಟಿಪ್ಪಣಿ, ಫಲಕ (ಶಾಸನದ ಅಚ್ಚಾದ ಚಿತ್ರ) ಎಲ್ಲಾ ಕೊಟ್ಟಿದ್ದಾರೆ. ಫಲಕ ಅಚ್ಚಾಗಿರೋದ್ರಿಂದಲೇ ಬೇರೆಯವರು ಕೂತು ತಕರಾರು ಎತ್ತೋಕೆ ಆಯ್ತು. ಶಾಸನತಜ್ಞ ಜಿ.ಎಸ್. ಗಾಯಿ ಅವರು ಅದೇ ಶಾಸನದಲ್ಲಿ ಬರೋ ಬಟಾರಿ ಕುಲ ಹಿಡಿದು, ಈ ಕಾಕುಸ್ಥ ಕದಂಬ ಕಾಕುಸ್ಥವರ್ಮ ಅಲ್ಲ ಅಂದರು. ಅದನ್ನ ಒಪ್ಪಿದ್ರೆ 450ಕ್ಕೆ ಇರೋ ಒಂದು ಊರುಗೋಲು ಹೋಯ್ತು, ಉಳಿಯೋದು ಲಿಪಿ ಮಾತ್ರ. ಲಿಪಿಯಿಂದ ಇಸವಿ ಹೇಳಕ್ಕಾಗಲ್ಲ. ಐವತ್ತು ವರ್ಷ ಆಚೆ ಈಚೆ ಆಗೇ ಆಗುತ್ತೆ.

ರಘು: ಚಿತ್ರದುರ್ಗದ ಚಂದ್ರವಳ್ಳಿ ಶಾಸನದ್ದೂ ಹಂಗೇ ಅಲ್ವಾ ಸರ್? 1929ರ ವರದಿ. ಮಯೂರಶರ್ಮ ಕೆರೆ ಕಟ್ಟಿಸಿದ ಅನ್ನೋದು ನಿಂತಿದೆ. ಅವನು ಗೆದ್ದವರು ತ್ರೈಕೂಟ, ಆಭೀರ, ಪಲ್ಲವ ಅಂತ ಕೃಷ್ಣ ಓದಿದ ಪಟ್ಟಿನ ಆಮೇಲೆ ಓದಿದವರಲ್ಲಿ ಕೆಲವರು ಒಪ್ಪಲಿಲ್ಲ.

ಪುಟ್ಟಸ್ವಾಮಿ ಸರ್: ಹೌದು. ಅದು ಬಂಡೆ ಮೇಲಿನ ಪ್ರಾಕೃತ, ಸವೆದ ಅಕ್ಷರ. ಪಡಿಯಚ್ಚು, ಅಂದ್ರೆ ಕಾಗದದ ಮೇಲೆ ಶಾಸನದ ಅಚ್ಚು, ತೆಗೆಯೋದೇ ಅಲ್ಲಿ ಕಷ್ಟ. ಮೊದಲು ಪಾಚಿ, ಮಣ್ಣು ಬ್ರಶ್ಶಲ್ಲಿ ತೆಗೆದು ತೊಳೀಬೇಕು. ಒದ್ದೆ ಕಾಗದ ಹಚ್ಚಿ, ಗಟ್ಟಿ ಬ್ರಶ್ಶಿಂದ ನೆಟ್ಟಗೆ ತಟ್ಟಿ ಅಕ್ಷರದ ತಗ್ಗಿಗೆ ಕೂರಿಸಬೇಕು. ಕಾಗದ ಅರೆ ಒಣಗಿದಾಗಷ್ಟೇ ಮಸಿ. ಅವಸರ ಮಾಡಿದ್ರೆ ಮಸಿ ತಗ್ಗಿಗೆ ಇಳಿದು ಅಕ್ಷರ ಮುಚ್ಚಿಹೋಗುತ್ತೆ, ಒಂದು ಬಿರುಕು ದೀರ್ಘದ ಗೆರೆ ಥರ ಕಾಣುತ್ತೆ. ಫೋಟೋಗೆ ಅಂತ ಸೀಮೆಸುಣ್ಣ ತುಂಬೋದಂತೂ ಬೇಡವೇ ಬೇಡ. ತುಂಬಿದವನ ಊಹೆಯೇ ಪಾಠ ಆಗಿಬಿಡುತ್ತೆ.

ಶಿವಣ್ಣ: ಸರಿ ಸರ್. ಆದ್ರೆ ಮೊದಲ ಕನ್ನಡ ಶಾಸನ ಅನ್ನೋದನ್ನ ನಾನು ಬಿಡಲ್ಲ.

ರಘು: ತಾಳಗುಂದದ ಪ್ರಣವೇಶ್ವರ ಗುಡಿ ಹತ್ರ ಸಿಕ್ಕ ಸಿಂಹಕಟಾಂಜನ (ಮೆಟ್ಟಿಲ ಪಕ್ಕದ ಸಿಂಹದ ತಡೆಗಲ್ಲು) ಶಾಸನ 370ರದ್ದು ಅಂತ ಭಾರತೀಯ ಪುರಾತತ್ವ ಇಲಾಖೆಯವರೇ ಹೇಳಿದ್ದಾರಲ್ಲಣ್ಣ.

ಮಂಜುಳಾ: ರಘು, ಆ 370 ಕೂಡ ಅಂದಾಜೇ. ಹಲ್ಮಿಡಿಗೆ ಕೇಳಿದ ಪ್ರಶ್ನೆನೇ ಅದಕ್ಕೂ ಕೇಳ್ಬೇಕು. ಇನ್ನೊಂದು, ಅದನ್ನ ತಾಳಗುಂದದ ಕಂಬದ ಶಾಸನದ ಜೊತೆ ಸೇರಿಸಿ ಕಲಸಬೇಡಿ. ಕಂಬದ್ದು ಶಾಂತಿವರ್ಮನ ಕಾಲದ್ದು, ಕುಬ್ಜ ಕವಿಯ ಸಂಸ್ಕೃತ ಪದ್ಯ.

ಶಿವಣ್ಣ: ಹಂಗಾದ್ರೆ ಫಾರ್ವರ್ಡಲ್ಲಿ ಏನಂತ ಹಾಕ್ಲಿ?

ಪುಟ್ಟಸ್ವಾಮಿ ಸರ್: "ಸುಮಾರು 450, ಶಾಸನದಲ್ಲಿ ಕಾಲ ನಮೂದಿಲ್ಲ" ಅಂತ ಹಾಕಿ. ಚಿತ್ರ ಮಾತ್ರ ಊರಲ್ಲಿ ನಿಲ್ಲಿಸಿರೋ ಫೈಬರ್ ಪ್ರತಿಕೃತಿದು ಬೇಡ, ವರದಿಯ ಫಲಕದ್ದೇ ಹಾಕಿ. ಮಾನಸಗಂಗೋತ್ರಿ ಲೈಬ್ರರೀಲಿ ಕೇಳಿ, ಇಲಾಖಾ ವರದಿ, 1936ನೇ ಇಸವಿದು.